ಕುಡಿತ ಬಿಡಿಸಲು ಸೇರಿಸುವ ಮುಂಚೆ ಫೋನಿನ ಕೆಲಸ ಮುಗಿಸಿಕೊಳ್ಳಿ

ನನ್ನ ತಮ್ಮನನ್ನು ಕುಡಿತ ಬಿಡಿಸುವ ಸೆಂಟರ್‌ಗೆ ಸೇರಿಸಿದ ದಿನ ಅವನು ಬಟ್ಟೆ ಬ್ಯಾಗ್ ಕೊಟ್ಟ, ಪರ್ಸ್ ಕೊಟ್ಟ, ವಾಚ್ ಕೂಡ ಬಿಚ್ಚಿಕೊಟ್ಟ. ಫೋನ್ ಮಾತ್ರ ಕೊಡಲಿಲ್ಲ. ಅರ್ಧ ಗಂಟೆ ಬಾಗಿಲಲ್ಲೇ ನಿಂತಿದ್ದೆವು. ಕುಡಿಯುವ ಸ್ನೇಹಿತರಿಗೋಸ್ಕರ ಹಟ ಮಾಡುತ್ತಿದ್ದಾನೆ ಅಂತ ನಾನು ಬೈದೆ. ನಿಜ ಬೇರೆಯೇ ಇತ್ತು. ಅವನು ಗೂಡ್ಸ್ ಗಾಡಿ ಓಡಿಸುತ್ತಾನೆ, ಬಾಡಿಗೆ ಬರುವುದು ಫೋನಿಗೆ, ಗಾಡಿಯ ಕಂತು ಕಟ್ಟುವುದೂ ಫೋನಿನಲ್ಲೇ, ಮುಂದಿನ ಕಂತಿಗೆ ನಾಲ್ಕೇ ದಿನ ಉಳಿದಿತ್ತು, ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಫೋನ್ ಕೊಟ್ಟರೆ ಗಾಡಿ ಹೋಗುತ್ತದೆ ಅನ್ನುವ ಭಯ ಅವನಿಗೆ.

ಹಾಗಾಗಿ ಸೇರಿಸುವ ಎರಡು ಮೂರು ದಿನ ಮುಂಚೆ, ಅವರು ಕುಡಿಯದೆ ಇರುವ ಹೊತ್ತು ನೋಡಿಕೊಂಡು, ಪಕ್ಕದಲ್ಲಿ ಕೂತು ಫೋನಿನಲ್ಲಿ ಏನೇನು ಕೆಲಸ ಇದೆ ಅಂತ ಕೇಳಿ. ಕಂತು ಯಾವ ತಾರೀಕು, ಯಾವ ಅಕೌಂಟಿನಿಂದ ಹೋಗುತ್ತದೆ? ಆ ಅಕೌಂಟಿಗೆ ಮೊದಲೇ ದುಡ್ಡು ಹಾಕಿಡಿ. ಆಗ ನೀವು ಪಿನ್ ಕೇಳುವ ಪ್ರಸಂಗವೇ ಬರುವುದಿಲ್ಲ. ಪಿನ್ ಕೇಳಿದರೆ ಅಲ್ಲೇ ಜಗಳ ಶುರು. ಕೆಲಸದ ಜಾಗಕ್ಕೆ ರಜೆಯ ಮಾತು ಅವರೇ ಹೇಳಲಿ. ಕಾರಣ ಹೇಳಬೇಕಾ ಬೇಡವಾ ಅನ್ನುವುದೂ ಅವರಿಗೇ ಬಿಟ್ಟಿದ್ದು. ಸಿಮ್‌ಗೆ ರೀಚಾರ್ಜ್ ಮಾಡಿಸಿ, ಬ್ಯಾಂಕಿನ ಓಟಿಪಿ ಆ ನಂಬರಿಗೇ ಬರುವುದು ಅಲ್ವಾ.

ಇನ್ನೊಂದು ಕೆಲಸ. ಒಂದು ಸಣ್ಣ ನೋಟ್‌ಬುಕ್‌ನಲ್ಲಿ ನಂಬರ್‌ಗಳನ್ನು ಕೈಯಲ್ಲಿ ಬರೆದುಕೊಡಿ. ಈಗ ಹೆಂಡತಿಯ ನಂಬರ್ ಕೂಡ ಯಾರಿಗೂ ಬಾಯಿಗೆ ಬರುವುದಿಲ್ಲ. ಸೆಂಟರಿನ ಫೋನಿನಿಂದ ಮಾಡು ಅಂದರೆ ನನ್ನ ತಮ್ಮ ಸುಮ್ನೆ ನಿಂತುಬಿಟ್ಟಿದ್ದ.

ಸೆಂಟರ್‌ನವರನ್ನು ಸಹಿ ಹಾಕುವ ಮುಂಚೆಯೇ ಕೇಳಿ. ಫೋನ್ ಯಾರ ಹತ್ತಿರ ಇರುತ್ತದೆ, ವಾರಕ್ಕೆ ಎಷ್ಟು ಸಲ ಮಾತಾಡಬಹುದು, ಮಾತಾಡುವಾಗ ಪಕ್ಕದಲ್ಲಿ ಯಾರಾದರೂ ನಿಲ್ಲುತ್ತಾರಾ, ರಾತ್ರಿ ತುರ್ತು ಬಂದರೆ ಯಾವ ನಂಬರ್. ಒಂದೊಂದು ಕಡೆ ಒಂದೊಂದು ರೂಲ್ಸ್. ಫೋನ್ ತೆಗೆದಿಡುವುದಕ್ಕೆ ಕಾರಣ ಇದೆ. ಕುಡಿತ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯ ಇರುತ್ತದೆ. ಕೆಲವರಿಗೆ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ದಿಕ್ಕು ತಪ್ಪಿದ ಹಾಗೆ ಆಗಿ ಇಲ್ಲದವರು ಕಣ್ಣಿಗೆ ಕಾಣುತ್ತಾರೆ. ಆ ಸ್ಥಿತಿಯಲ್ಲಿ ಕೈಯಲ್ಲಿ ಫೋನ್ ಇದ್ದರೆ ಯಾರಿಗೆ ಏನು ಹೇಳುತ್ತಾರೋ, ಯಾರನ್ನು ಕರೆಸಿಕೊಳ್ಳುತ್ತಾರೋ ಹೇಳುವುದಕ್ಕೆ ಆಗುವುದಿಲ್ಲ. ಕ್ಯಾಮೆರಾ ಇನ್ನೊಂದು ಸಮಸ್ಯೆ. ಪಕ್ಕದ ಮಂಚದವರ ಮುಖ ಯಾರದೋ ಸ್ಟೇಟಸ್‌ನಲ್ಲಿ ಬಂದರೆ ಅವರ ಊರಲ್ಲಿ ಗತಿ ಏನು?

ಆದರೆ ಫೋನ್ ತೆಗೆದಿಡುವುದು ಬೇರೆ, ಮನೆಯವರ ಜೊತೆ ಮಾತೇ ಆಡಬಾರದು ಅನ್ನುವುದು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಅದರ 26ನೇ ಸೆಕ್ಷನ್ ಪ್ರಕಾರ ಒಳಗಿರುವವರಿಗೆ ಸರಿಯಾದ ಹೊತ್ತಿನಲ್ಲಿ, ಅಲ್ಲಿನ ನಿಯಮಕ್ಕೆ ಒಳಪಟ್ಟು, ಫೋನ್ ಮಾಡುವ, ಬಂದ ಫೋನ್ ತೆಗೆದುಕೊಳ್ಳುವ ಹಕ್ಕಿದೆ. ಬೇಡ ಅನ್ನುವ ಹಕ್ಕೂ ಇದೆ. ತಮ್ಮ ಪರವಾಗಿ ನೋಡಿಕೊಳ್ಳಲು ಅವರು ಯಾರನ್ನು ಪ್ರತಿನಿಧಿ ಅಂತ ಬರೆದುಕೊಟ್ಟಿರುತ್ತಾರೋ ಅವರ ಜೊತೆ ಮತ್ತು ವಕೀಲರ ಜೊತೆ ಮಾತಾಡುವುದನ್ನು ಸೆಂಟರಿನ ನಿಯಮ ತೋರಿಸಿ ತಡೆಯುವಂತಿಲ್ಲ. ತಿಂಗಳುಗಟ್ಟಲೆ ಯಾರೂ ಫೋನ್ ಮಾಡಬೇಡಿ, ನೋಡಲೂ ಬರಬೇಡಿ ಅನ್ನುವ ಕಡೆ ದಯವಿಟ್ಟು ಸೇರಿಸಬೇಡಿ.

ಇನ್ನು, ಸೇರಿಸಿದ ಎರಡು ಮೂರು ದಿನಕ್ಕೆ ಮನೆಗೆ ಕರ್ಕೊಂಡು ಹೋಗಿ ಅಂತ ಕಾಲ್ ಬರಬಹುದು, ರೆಡಿ ಇರಿ. ನನ್ನ ತಮ್ಮ ಮೂರನೇ ದಿನ ಫೋನ್ ಮಾಡಿ, "ಅಕ್ಕಾ, ನಾನು ಸರಿಯಾಗಿದ್ದೀನಿ, ಇವತ್ತೇ ಬಂದು ಕರ್ಕೊಂಡು ಹೋಗು" ಅಂದ. ಅಳುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಿದ್ದೆ, ತಮ್ಮನ ಹೆಂಡತಿ ತಡೆದಳು. ಅವಳೇ ಕೌನ್ಸೆಲರ್‌ಗೆ ಫೋನ್ ಮಾಡಿ ವಿಚಾರಿಸಿದಳು. ನೀವೂ ಹೂಂ ಅಥವಾ ಇಲ್ಲ ಅಂತ ಅಲ್ಲೇ ಹೇಳಬೇಡಿ. "ಡಾಕ್ಟರ್ ಹತ್ರ ಮಾತಾಡಿ ಸಂಜೆಗೆ ಹೇಳ್ತೀನಿ" ಅನ್ನಿ, ಸಂಜೆಗೆ ಹೇಳಲೇಬೇಕು. ಆದರೆ ಹೊಡೆದರು, ಊಟ ಕೊಡುತ್ತಿಲ್ಲ, ಡಾಕ್ಟರ್ ಬಂದೇ ಇಲ್ಲ ಅಂದರೆ ಅದನ್ನು ಕುಡಿತದ ಚಪಲ ಅಂತ ತಳ್ಳಿಹಾಕಬೇಡಿ. ಆಗ ಫೋನಿನಲ್ಲಿ ವಿಚಾರಿಸುತ್ತಾ ಕೂರದೆ ನೇರ ಹೋಗಿ ಕಣ್ಣಾರೆ ನೋಡಿ.

ಮಾಮೂಲಿ ಕಾಲ್‌ಗಳಲ್ಲಿ ಸಾಲಗಾರರ ಕಥೆ, ಹಳೇ ಜಗಳ ಬೇಡ. ಮಗು ಏನು ತಿಂತು, ಮಳೆ ಬಂತಾ, ಅಷ್ಟು ಸಾಕು. ಮಕ್ಕಳ ಕೈಗೆ ಫೋನ್ ಕೊಟ್ಟು "ಅಪ್ಪಂಗೆ ಕುಡಿಬೇಡ ಅಂತ ಹೇಳು" ಅನ್ನುವುದು ಬೇಡವೇ ಬೇಡ. ಅವರ ಫೋನ್ ಮನೆಯಲ್ಲೇ ಇದ್ದು ಸ್ನೇಹಿತರು ಕೇಳಿದರೆ "ಸದ್ಯಕ್ಕೆ ಸಿಗೋದಿಲ್ಲ" ಅಂದು ಇಟ್ಟುಬಿಡಿ, ಎಲ್ಲಿದ್ದಾರೆ ಅಂತ ಹೇಳಬೇಕಾಗಿಲ್ಲ.

ಚಟವೇ ಫೋನಿನದ್ದಾಗಿದ್ದರೆ, ಅಂದರೆ ಆನ್‌ಲೈನ್ ಆಟ, ಬೆಟ್ಟಿಂಗ್ ಅಂತಾದರೆ, ದಾರಿ ಸ್ವಲ್ಪ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ, ಅಲ್ಲಿ ವಿಚಾರಿಸಿ.

ಡಿಸ್ಚಾರ್ಜ್ ದಿನ ನಾವು ತಪ್ಪು ಮಾಡಿದೆವು. ಫೋನನ್ನು ಬಸ್ಸಿನಲ್ಲೇ ಕೈಗೆ ಕೊಟ್ಟೆವು. ಆನ್ ಮಾಡಿದ ತಕ್ಷಣ ಅಷ್ಟೂ ದಿನಗಳ ಮೆಸೇಜ್ ಒಟ್ಟಿಗೆ ಬಂದವು, ಅದರಲ್ಲಿ ಹಳೇ ಗುಂಪಿನ ಬಾಟಲಿ ಫೋಟೋಗಳೂ ಇದ್ದವು. ಅವನ ಮುಖ ಬಿಳಿಚಿಕೊಂಡಿತು. ನೀವು ಸೆಂಟರಿನಲ್ಲೇ, ಕೌನ್ಸೆಲರ್ ಎದುರು ಆನ್ ಮಾಡಿಸಿ. ಯಾವ ಗುಂಪಿನಿಂದ ಹೊರಬರಬೇಕು, ಯಾವ ನಂಬರ್ ಬ್ಲಾಕ್ ಮಾಡಬೇಕು, ಅವರ ಬೆರಳೇ ಒತ್ತಲಿ. ನೀವು ಅಳಿಸಿದರೆ ನಾಳೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಫೋನ್‌ಪೇ, ಗೂಗಲ್‌ಪೇಗೆ ಸೇರಿಸಿರುವ ಅಕೌಂಟಿನಲ್ಲಿ ದಿನದ ಖರ್ಚಿಗೆ ಆಗುವಷ್ಟು ಮಾತ್ರ ಇರಲಿ, ಉಳಿದದ್ದು ಬೇರೆ ಅಕೌಂಟಿನಲ್ಲಿರಲಿ ಅಂತ ಕೂತು ಮಾತಾಡಿಕೊಳ್ಳಿ. ಖಾಲಿಯಾದ ಜಾಗಕ್ಕೆ ಹೊಸ ನಂಬರ್ ಹಾಕಿ. ಕೌನ್ಸೆಲರ್, ಜೊತೆಯಲ್ಲಿ ಕುಡಿತ ಬಿಟ್ಟ ಒಬ್ಬರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಧರ್ಮಸ್ಥಳದ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರಾದರೆ ಊರಿನ ನವಜೀವನ ಸಮಿತಿಯವರ, ಅಂದರೆ ಹಾಗೆ ಶಿಬಿರದಲ್ಲಿ ಕುಡಿತ ಬಿಟ್ಟವರ ಗುಂಪಿನವರ ನಂಬರ್ ಮೊದಲು ಇರಲಿ.

ರಾತ್ರಿ ಫೋನ್ ಹಾಲ್‌ನಲ್ಲೇ ಚಾರ್ಜ್‌ಗೆ ಹಾಕಿ, ಅವರದ್ದು ಮಾತ್ರ ಅಲ್ಲ, ಮನೆಯವರೆಲ್ಲರದ್ದೂ. ಬೆಳಗ್ಗೆ ಏಳಲು ಅಲಾರಂ ಬೇಕು ಅಂದರೆ ಒಂದು ಟೇಬಲ್ ಗಡಿಯಾರ ತಂದುಕೊಡಿ. ನಾವು ತಂದಿದ್ದು ಇವತ್ತಿಗೂ ಅವನ ತಲೆದಿಂಬಿನ ಪಕ್ಕದಲ್ಲಿದೆ.