ಮ್ಯಾಪಿನ ಕೌದಿಯಲ್ಲಿ ನಿಮ್ಮ ಮನೆಯ ತುಂಡು ಯಾರದು?

ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ ಎರಡು ವರ್ಷ ಆಗಿರುತ್ತದೆ. ಗೂಗಲ್ ಮ್ಯಾಪಿನ ಸ್ಯಾಟಲೈಟ್ ಚಿತ್ರದಲ್ಲಿ ಮಾತ್ರ ಇನ್ನೂ ಖಾಲಿ ಸೈಟು! ಅದು ಲೈವ್ ಅಲ್ಲ. ಒಂದೇ ಫೋಟೊ ಕೂಡ ಅಲ್ಲ. ಹಳೆ ಸೀರೆ, ಧೋತರದ ತುಂಡು ಸೇರಿಸಿ ಅಜ್ಜಿ ಹೊಲಿದ ಕೌದಿ ಇದ್ದ ಹಾಗೆ. ಒಂದೊಂದು ತುಂಡೂ ಬೇರೆ ದಿನದ್ದು, ಬೇರೆಯವರದ್ದು. ನಿಮ್ಮ ತುಂಡು ಯಾರದು, ಯಾವತ್ತಿನದು ಎಂದು ಹುಡುಕಬಹುದು.

ಮೊದಲು ಕಂಪ್ಯೂಟರಿನಲ್ಲಿ ಮ್ಯಾಪ್ ತೆರೆದು ಸ್ಯಾಟಲೈಟ್ ನೋಟಕ್ಕೆ ಹೋಗಿ. ಮನೆ ಕಾಣುವಷ್ಟು ಜೂಮ್ ಮಾಡಿ. ಪರದೆಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ. ಅಲ್ಲಿ ಏರ್‌ಬಸ್, ಮ್ಯಾಕ್ಸಾರ್ (2025ರಿಂದ ವ್ಯಾಂಟರ್) ಇಂಥ ಕಂಪನಿಗಳ ಹೆಸರು ಸಿಕ್ಕರೆ ಅವರೇ ಚಿತ್ರದ ಒಡೆಯರು. ಪಕ್ಕದ ಇಸವಿ ನೋಡಿ ಮೋಸ ಹೋಗಬೇಡಿ. ಅದು ಹಕ್ಕುಸ್ವಾಮ್ಯದ ವರ್ಷ, ಚಿತ್ರ ತೆಗೆದ ವರ್ಷ ಅಲ್ಲ.

ತಾರೀಖು ಬೇಕಾದರೆ ಗೂಗಲ್ ಅರ್ಥ್ ಪ್ರೊ ಇಳಿಸಿಕೊಳ್ಳಿ. 2015ರಿಂದ ಅದು ಪುಕ್ಕಟೆ. ಚಿತ್ರದ ತಾರೀಖು ಕೆಳಗೇ ಇರುತ್ತದೆ. ಮೇಲಿನ ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳೂ ಒಂದೊಂದಾಗಿ ಬರುತ್ತವೆ. ಇಲ್ಲಿ ಅರ್ಧ ಗಂಟೆ ಕಳೆದುಹೋಗುವುದು ಗ್ಯಾರಂಟಿ.

ತೆಗೆದ ಹೊತ್ತನ್ನು ನೆರಳೇ ಹೇಳುತ್ತದೆ. ಇಂಥ ಉಪಗ್ರಹಗಳು ಹೆಚ್ಚಾಗಿ ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ನಮ್ಮ ಮೇಲೆ ಹಾದುಹೋಗುತ್ತವೆ. ಅದಕ್ಕೇ ತೆಂಗಿನ ಮರದ ನೆರಳು ಪಶ್ಚಿಮಕ್ಕೆ ವಾಲಿರುತ್ತದೆ. ಮೋಡದಾಚೆ ಈ ಕ್ಯಾಮೆರಾಗಳಿಗೆ ಏನೂ ಕಾಣದು. ಹಾಗಾಗಿ ಆಗುಂಬೆಯ ಜುಲೈ ತಿಂಗಳನ್ನು ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಹಾರುತ್ತಿರುವ ವಿಮಾನ ಕಂಡರೆ ಜೂಮ್ ಮಾಡಿ. ಪಕ್ಕದಲ್ಲೇ ಕೆಂಪು, ನೀಲಿ ಬಣ್ಣದ ದೆವ್ವದಂಥ ವಿಮಾನಗಳೂ ಇರಬಹುದು. ಉಪಗ್ರಹದ ಕ್ಯಾಮೆರಾ ಒಂದೊಂದು ಬಣ್ಣವನ್ನು ಕ್ಷಣಮಾತ್ರ ಹಿಂದೆಮುಂದೆ ಸೆರೆಹಿಡಿಯುತ್ತದೆ. ಅಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ.

ಅಂದ ಹಾಗೆ, ಸ್ಯಾಟಲೈಟ್ ಬಟನ್ ಒತ್ತಿದರೆ ಬರುವುದೆಲ್ಲ ಸ್ಯಾಟಲೈಟ್ ಚಿತ್ರವಲ್ಲ. ಅಮೆರಿಕ, ಯುರೋಪಿನ ಎಷ್ಟೋ ಊರುಗಳನ್ನು ವಿಮಾನದಿಂದ ತೆಗೆದಿರುತ್ತಾರೆ. ಅಲ್ಲಿರುವ ಮಗನ ಮನೆ ಊರಿನ ಮನೆಗಿಂತ ಚೊಕ್ಕವಾಗಿ ಕಂಡರೆ ಕಾರಣ ಇದೇ ಇರಬಹುದು.

ಸ್ಪಷ್ಟತೆಯ ಲೆಕ್ಕವನ್ನು ನಮ್ಮ 30×40 ಸೈಟಿನಲ್ಲೇ ಹಾಕೋಣ. 2014ರಲ್ಲಿ ಹಾರಿದ ವರ್ಲ್ಡ್‌ವ್ಯೂ-3 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ (ಪಿಕ್ಸೆಲ್) ಎಂದರೆ ನೆಲದ ಮೇಲೆ 31 ಸೆಂ.ಮೀ., ಹೆಚ್ಚುಕಡಿಮೆ ಒಂದು ಅಡಿ. ಅಂದರೆ ನಿಮ್ಮ ಸೈಟಿಗೆ ಸುಮಾರು 1200 ಚುಕ್ಕಿ. ನಮ್ಮ ಇಸ್ರೊ 2019ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-3 ಇನ್ನೂ ಚುರುಕು, ಚುಕ್ಕಿಗೆ 25 ಸೆಂ.ಮೀ. ಇಸ್ರೊ ಉಪಗ್ರಹಗಳ ಚಿತ್ರ ನೋಡಲು 2009ರಲ್ಲಿ ಶುರುವಾದ ಭುವನ್ ತಾಣವಿದೆ. ಗೂಗಲ್‌ನಷ್ಟು ನುಣುಪಾಗಿ ಓಡದು, ಸ್ವಲ್ಪ ತಾಳ್ಮೆ ಬೇಕು. ಇನ್ನು ಯುರೋಪಿನ ಸೆಂಟಿನೆಲ್-2ಕ್ಕೆ ಒಂದು ಚುಕ್ಕಿ ಎಂದರೆ 10 ಮೀಟರ್. ಇಡೀ ಸೈಟಿಗೆ ಒಂದೇ ಚುಕ್ಕಿ!

ಆದರೂ ಹೊಸ ಚಿತ್ರ ಬೇಕೆಂದರೆ ಅದೇ ಗತಿ. ಸುಮಾರು ಐದು ದಿನಕ್ಕೊಮ್ಮೆ ಅದು ಅದೇ ಜಾಗಕ್ಕೆ ಬರುತ್ತದೆ. ಕೋಪರ್ನಿಕಸ್ ಬ್ರೌಸರ್ ಎಂಬ ತಾಣ ತೆರೆಯಿರಿ, ದುಡ್ಡೇನೂ ಇಲ್ಲ. ಊರಿನ ಹೆಸರು ಹಾಕಿ, ಸೆಂಟಿನೆಲ್-2 ಆರಿಸಿ, ಮೋಡದ ಪ್ರಮಾಣ ಕಡಿಮೆ ಮಾಡಿ, ತಾರೀಖು ಒತ್ತಿ. ಮೊದಲ ಸಲಕ್ಕೆ ಕೆಆರ್‌ಎಸ್ ನೋಡಿ. ನವೆಂಬರಿನ ಒಂದು ದಿನ, ಮೇ ತಿಂಗಳ ಒಂದು ದಿನ ಪಕ್ಕಪಕ್ಕ ಇಟ್ಟರೆ ನೀರಿನ ಅಂಚು ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಕಾಣುತ್ತದೆ. ಆಮೇಲೆ ನಿಮ್ಮ ಬಡಾವಣೆಗೆ ಬನ್ನಿ. ತಾರಸಿಗೆ ಬಿಳಿ ಬಣ್ಣ ಹೊಡೆಸಿದ್ದರೆ, ಮಣ್ಣಿನ ಬಣ್ಣದ ನಡುವೆ ಒಂದೆರಡು ಬಿಳಿ ಚುಕ್ಕಿ ಸಿಗಬಹುದು. ಅದೇ ನಿಮ್ಮ ಮನೆ, ಹೋದ ವಾರದ್ದು.