ಥಂಡಿಗೆ ಬೈಕಿನ ಹಿಡಿ ಬಿಸಿ ಆಗುತ್ತಿಲ್ಲವೇ? ವ್ಯಾಟ್ ಹೆಚ್ಚಿಸುವ ಮೊದಲು ಸೋರಿಕೆ ನಿಲ್ಲಿಸಿ

ಡಿಸೆಂಬರ್, ಜನವರಿ ಬಂತೆಂದರೆ ಬೀದರ್‌ನಲ್ಲಿ ಬೆಳಗಿನ ಜಾವ ಬೈಕ್ ಓಡಿಸುವವರ ಬೆರಳುಗಳನ್ನೇ ಥಂಡಿ ಮೊದಲು ಹಿಡಿಯುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹಳ್ಳಿಯಿಂದ ಬರುವವರು, ಪೇಪರ್ ಹಾಕುವ ಹುಡುಗರು, ನಸುಕಿನಲ್ಲೇ ಗಾಂಧಿ ಗಂಜ್ ಸೇರಬೇಕಾದವರು, ಮೊದಲ ಶಿಫ್ಟಿಗೆ ಹುಮನಾಬಾದ್ ಕಡೆ ಹೊರಡುವವರು, ಎಲ್ಲರದ್ದೂ ಒಂದೇ ಪಾಡು. ಔರಾದ್ ರಸ್ತೆಯಲ್ಲಿ ಮಾಂಜ್ರಾ ಸೇತುವೆ ದಾಟುವ ಹೊತ್ತಿಗೆ ಕ್ಲಚ್ ಮೇಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇದನ್ನು ಬರೀ ಕಿರಿಕಿರಿ ಅಂತ ಬಿಡುವ ಹಾಗಿಲ್ಲ. ಮರಗಟ್ಟಿದ ಕೈ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಇದೇ ಕಾಲಕ್ಕೆ ಕಬ್ಬಿನ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿರುತ್ತವೆ. ಎಷ್ಟೋ ಟ್ರಾಲಿಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಮಂಜಿನೊಳಗಿಂದ ಅಂಥದ್ದೊಂದು ಟ್ರಾಲಿ ಎದುರಾದಾಗ ಬೆರಳು ಮಾತು ಕೇಳಬೇಕು.

ಅದಕ್ಕೇ ಈಗ ಹಲವರು ಬಿಸಿ ಹಿಡಿ, ಅಂದರೆ ಹೀಟೆಡ್ ಗ್ರಿಪ್ ಹಾಕಿಸುತ್ತಿದ್ದಾರೆ. ಹಾಕಿಸಿದ ಮೇಲೆ ಬರುವ ದೂರೂ ಒಂದೇ: ‘ಬಲಗೈ ಸುಡ್ತದ, ಎಡಗೈಗೆ ಗೊತ್ತೇ ಆಗ್ಲತ್ತಿಲ್ರಿ.’ ಆಗ ಜಾಸ್ತಿ ವ್ಯಾಟ್‌ನ ಗ್ರಿಪ್ ಹುಡುಕಲು ಹೋಗುತ್ತಾರೆ. ಅದು ಬೇಡ. ಬಿಸಿ ಸಾಕಷ್ಟು ಹುಟ್ಟುತ್ತಿದೆ, ಆದರೆ ಕೈಗೆ ತಲುಪುತ್ತಿಲ್ಲ. ಅರ್ಧ ಹ್ಯಾಂಡಲ್ ಪೈಪಿಗೆ ಹೋಗುತ್ತಿದೆ, ಉಳಿದಿದ್ದನ್ನು ಗಾಳಿ ಒಯ್ಯುತ್ತಿದೆ. ಆ ಎರಡು ಸೋರಿಕೆ ನಿಲ್ಲಿಸಿದರೆ ಈಗಿರುವ ಗ್ರಿಪ್ಪೇ ಸಾಕು.

ಬಿಸಿ ಹೋಗುವುದೆಲ್ಲಿ?

ಬೈಕಿನ ಎರಡು ಹಿಡಿಗಳು ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ. ಬಲಗಡೆ ರೇಸ್ ತಿರುಗಬೇಕಲ್ಲ, ಹಾಗಾಗಿ ಅಲ್ಲಿ ಪೈಪಿನ ಮೇಲೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಗ್ರಿಪ್ ಕೂರುವುದು ಅದರ ಮೇಲೆ. ಪ್ಲಾಸ್ಟಿಕ್ ಬಿಸಿಯನ್ನು ಸುಲಭಕ್ಕೆ ದಾಟಿಸುವುದಿಲ್ಲ. ಎಡಗಡೆ ಗ್ರಿಪ್ ನೇರವಾಗಿ ಕಬ್ಬಿಣದ ಪೈಪಿನ ಮೇಲೆ. ಹೀಟರ್ ಎಷ್ಟು ಕಾಯುತ್ತದೋ ಅಷ್ಟನ್ನೂ ತಣ್ಣಗಿರುವ ಉದ್ದನೆಯ ಪೈಪು ಎಳೆದುಕೊಳ್ಳುತ್ತಲೇ ಇರುತ್ತದೆ. ತಳ ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ.

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲೂ ಇದೇ ಗೋಳು. ಗುಲ್ಮಾರ್ಗ್‌ಗೆ ಹೋದವರು ಆ ಗಾಡಿ ನೋಡಿರುತ್ತೀರಿ. ಅದರಲ್ಲಿ ರೇಸ್ ತಿರುಗಿಸುವುದಿಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಲಿವರ್ ಒತ್ತುತ್ತಾರೆ. ಹಾಗಾಗಿ ಅಲ್ಲಿ ಎರಡೂ ಹಿಡಿಗಳು ಪೈಪಿನ ಮೇಲೇ ಕೂತಿರುತ್ತವೆ. ಕಂಪನಿಯಿಂದ ಬರುವಾಗಲೇ ಹಿಡಿಗೂ ಆ ಹೆಬ್ಬೆರಳ ಲಿವರಿಗೂ ಹೀಟರ್ ಇರುವುದು ಸಾಮಾನ್ಯ. ಆದರೂ ಓಡಿಸುವವರಿಗೆ ಸಮಾಧಾನ ಇಲ್ಲ. ಅವರು ಮಾಡಿಕೊಳ್ಳುವ ಸುಧಾರಣೆಯೇ ನಮಗೂ ಬೇಕಾಗಿರುವುದು: ಪೈಪು ಮತ್ತು ಹೀಟರ್ ನಡುವೆ ಬಿಸಿ ತಡೆಯುವ ಒಂದು ಪದರ.

ಇನ್ನು ಗಾಳಿ. ನಮ್ಮಲ್ಲಿ ಥಂಡಿ ಜೋರಾದಾಗ ಬೆಳಗಿನ ತಾಪಮಾನ 10 ಡಿಗ್ರಿ ಆಸುಪಾಸಿಗೆ ಬರುತ್ತದೆ, ಒಮ್ಮೊಮ್ಮೆ ಇನ್ನೂ ಕೆಳಗೆ. 10 ಡಿಗ್ರಿ ಇರುವಾಗ ಗಂಟೆಗೆ 50 ಕಿ.ಮೀ. ಗಾಳಿ ಬಡಿದರೆ ಬರಿ ಚರ್ಮಕ್ಕೆ 5-6 ಡಿಗ್ರಿಯಷ್ಟು ಚಳಿ ಅನ್ನಿಸುತ್ತದೆ. ಗ್ರಿಪ್ ಕಾಯಿಸುವುದು ಅಂಗೈಯನ್ನು. ಗಾಳಿ ಬಡಿಯುವುದು ಕೈಯ ಹಿಂಬದಿಗೆ, ಬೆರಳ ತುದಿಗೆ. ಅಂಗೈ ಬೆಚ್ಚಗಿದ್ದರೂ ತುದಿ ಮರಗಟ್ಟುವುದು ಇದಕ್ಕೇ.

ಮೊದಲು ಅಳೆಯಿರಿ

ಬಿಚ್ಚುವ ಮೊದಲು ಒಂದು ಮಲ್ಟಿಮೀಟರ್, ಅಂದರೆ ವೋಲ್ಟ್, ಓಮ್ ಅಳೆಯುವ ಮೀಟರ್ ತನ್ನಿ. ಸಾದಾ ಮೀಟರ್ ಸಾಕು. ಇದಿಲ್ಲದೆ ಮಾಡುವ ಎಲ್ಲ ಕೆಲಸವೂ ಅಂದಾಜಿನದ್ದು.

ಗ್ರಿಪ್ಪಿನ ಕನೆಕ್ಟರ್ ಬಿಚ್ಚಿ ಒಂದೊಂದೇ ಗ್ರಿಪ್ಪಿನ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟಿದೆ ನೋಡಿ. 12 ವೋಲ್ಟಿಗೆ 20 ವ್ಯಾಟ್‌ನ ಗ್ರಿಪ್ ಆದರೆ ಸುಮಾರು 7 ಓಮ್ ತೋರಿಸಬೇಕು. ಎಡ ಬಲ ಎರಡೂ ಹತ್ತಿರ ಹತ್ತಿರ ಬಂದರೆ ಹೀಟರ್ ಚೆನ್ನಾಗಿದೆ, ತಪ್ಪು ಬೇರೆಲ್ಲೋ ಇದೆ ಅಂತ ಅರ್ಥ. ಮಾಮೂಲಿ ಗ್ರಿಪ್ಪಿನ ಕೆಳಗೆ ಅಂಟಿಸುವ ತೆಳ್ಳನೆಯ ಹೀಟರ್ ಪ್ಯಾಡ್‌ಗಳಲ್ಲಿ ಕೆಲವು ಕಂಪನಿಗಳು ಪೈಪಿಗೆ ಹೋಗುವ ಬಿಸಿಯನ್ನು ಲೆಕ್ಕಕ್ಕೆ ಹಿಡಿದು ಎಡಗಡೆಯದನ್ನು ಬೇಕೆಂದೇ ಜಾಸ್ತಿ ವ್ಯಾಟ್‌ನದ್ದಾಗಿ ಮಾಡಿರುತ್ತವೆ. ಪ್ಯಾಕೆಟ್ ಮೇಲೆ ಎಡ, ಬಲ ಅಂತ ಬರೆದಿದ್ದರೆ ಅದಲು ಬದಲು ಮಾಡಬೇಡಿ.

ಆಮೇಲೆ ಬ್ಯಾಟರಿ. ಇಂಜಿನ್ ಬಂದ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರುತ್ತದೆ. ಇಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5ರ ನಡುವೆ ಬರಬೇಕು. ಹೆಡ್‌ಲೈಟ್ ಹೊತ್ತಿರುವಾಗಲೇ ಗ್ರಿಪ್ ಪೂರ್ತಿ ಇಟ್ಟು ಮತ್ತೆ ನೋಡಿ. ಓಡಿಸುವ ರೇಸಿನಲ್ಲಿ 13ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಗಾಡಿಗೆ ಆ ಗ್ರಿಪ್ಪಿನ ಭಾರ ಜಾಸ್ತಿ.

ಸಣ್ಣ ಗಾಡಿಯವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಎರಡೂ ಗ್ರಿಪ್ ಸೇರಿ 40 ವ್ಯಾಟ್ ಅಂದರೆ ಹೆಚ್ಚುಕಡಿಮೆ ಇನ್ನೊಂದು ಹೆಡ್‌ಲೈಟ್. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಹೊತ್ತಿಯೇ ಇರುತ್ತದೆ, ಆ ಭಾರ ಮೊದಲೇ ಇದೆ. 3 ಆಂಪಿಯರ್ ಅವರ್ ಬ್ಯಾಟರಿ ಇರುವ ಗಾಡಿಯಲ್ಲಿ ಇಂಜಿನ್ ಬಂದ್ ಮಾಡಿ, ಗ್ರಿಪ್ ಮರೆತು ಚಹಾ ಕುಡಿಯಲು ಹೋದರೆ ವಾಪಸ್ ಬರುವ ಹೊತ್ತಿಗೆ ಸೆಲ್ಫ್ ಹೊಡೆಯಲಿಕ್ಕಿಲ್ಲ. ಬುಲೆಟ್‌ನಂಥ ದೊಡ್ಡ ಗಾಡಿಗಳಿಗೆ ಈ ಚಿಂತೆ ಕಡಿಮೆ.

ಎಡಗಡೆಯ ಕೆಲಸ

ಇದೇ ಮುಖ್ಯ ಕೆಲಸ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ.

ಪ್ಯಾಡ್ ಮಾದರಿಯಾದರೆ ಹಳೆಯ ಗ್ರಿಪ್ ತೆಗೆಯಿರಿ. ತುದಿಯಲ್ಲಿ ತೂಕದ ಗುಂಡು ಇದ್ದರೆ ಅದರ ಸ್ಕ್ರೂ ಮೊದಲು. ಗ್ರಿಪ್ಪಿನ ಅಂಚಿನಲ್ಲಿ ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ, ಸೋಪಿನ ನೀರು ಬಿಟ್ಟು ತಿರುವಿದರೆ ಬರುತ್ತದೆ. ಪೈಪಿನ ಮೇಲಿನ ಅಂಟು, ಎಣ್ಣೆ ಎಲ್ಲ ಸ್ಪಿರಿಟ್ ಹಾಕಿ ಒರೆಸಿ. ಪೆಟ್ರೋಲ್ ಬೇಡ, ಜಿಡ್ಡು ಉಳಿಯುತ್ತದೆ.

ಈಗ ಬಿಸಿ ತಡೆಯುವ ಪದರ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೀಟ್ ಶ್ರಿಂಕ್ ಟ್ಯೂಬ್ ಸಿಗುತ್ತದೆ, ಕಾಯಿಸಿದರೆ ಕುಗ್ಗಿ ಹಿಡಿದುಕೊಳ್ಳುವ ಕೊಳವೆ. ನಮ್ಮ ಬೈಕುಗಳ ಹ್ಯಾಂಡಲ್ ಪೈಪು ಸಾಮಾನ್ಯವಾಗಿ 22 ಮಿ.ಮೀ. ದಪ್ಪ. ಆ ಪೈಪು ಒಳಗೆ ಸಲೀಸಾಗಿ ತೂರುವಷ್ಟು ಅಗಲದ ಟ್ಯೂಬ್ ತನ್ನಿ, ಗ್ರಿಪ್ಪಿನಷ್ಟೇ ಉದ್ದಕ್ಕೆ ಕತ್ತರಿಸಿ, ಪೈಪಿಗೆ ಹಾಕಿ ಹೇರ್ ಡ್ರೈಯರ್ ಅಥವಾ ಹೀಟ್ ಗನ್ನಿನಿಂದ ಕಾಯಿಸಿ. ಅದರ ಮೇಲೆ ಇನ್ನೊಂದು ಪದರ. ಎರಡು ಸಾಕು. ಮೂರನೆಯದು ಹಾಕಿದರೆ ಗ್ರಿಪ್ ಕೂರುವುದಿಲ್ಲ, ಕೂತರೂ ಹಿಡಿ ದಪ್ಪವಾಗಿ ಸಣ್ಣ ಕೈಯವರಿಗೆ ಕ್ಲಚ್ ದೂರ ಅನ್ನಿಸುತ್ತದೆ.

ಇದರ ಮೇಲೆ ಪ್ಯಾಡ್ ಅಂಟಿಸಿ. ಒಂದು ಅಂಚು ಇನ್ನೊಂದರ ಮೇಲೆ ಏರಬಾರದು. ಏರಿದ ಜಾಗದಲ್ಲಿ ಬಿಸಿ ದುಪ್ಪಟ್ಟಾಗಿ ಗ್ರಿಪ್ ಸುಡುತ್ತದೆ. ಸುತ್ತಿದಾಗ ನಡುವೆ ಸಂದು ಉಳಿದರೆ ಅದನ್ನು ಅಂಗೈಯ ಬುಡ ಬರುವ ಕಡೆ ತಿರುಗಿಸಿ. ಬೆರಳುಗಳು ಸುತ್ತಿಕೊಳ್ಳುವ ಮುಂಭಾಗಕ್ಕೇ ಬಿಸಿ ಹೆಚ್ಚು ಬೇಕು.

ಹೀಟರ್ ಒಳಗೇ ಕೂತಿರುವ ರೆಡಿಮೇಡ್ ಗ್ರಿಪ್ ಆದರೆ ಒಳಗಿನ ತೂತಿನ ಅಳತೆ ಬಿಗಿಯಾಗಿರುತ್ತದೆ, ಎರಡು ಪದರಕ್ಕೆ ಜಾಗ ಇರುವುದಿಲ್ಲ. ತೆಳ್ಳನೆಯ ಒಂದು ಪದರ ಹಿಡಿಸಿದರೆ ಹಿಡಿಸೀತು. ಇಲ್ಲದಿದ್ದರೆ ಬಲವಂತ ಬೇಡ, ಒಳಗಿನ ತಂತಿ ತುಂಡಾಗುತ್ತದೆ.

ಬಲಗಡೆ: ರೇಸ್ ವಾಪಸ್ ಬರಲೇಬೇಕು

ರೇಸಿನ ಪ್ಲಾಸ್ಟಿಕ್ ಕೊಳವೆಯ ಮೇಲೆ ಉದ್ದುದ್ದ ಗೆರೆಗಳು ಉಬ್ಬಿರುತ್ತವೆ. ಪ್ಯಾಡ್ ಹಾಕುವುದಾದರೆ ಅವನ್ನು ಎಮರಿ ಪೇಪರಿನಿಂದ ಉಜ್ಜಿ ಸಮ ಮಾಡಿ, ಇಲ್ಲದಿದ್ದರೆ ಪ್ಯಾಡಿಗೆ ಚುಚ್ಚುತ್ತವೆ. ಈ ಕಡೆ ಗ್ರಿಪ್ಪಿಗೆ ಅಂಟು ಹಚ್ಚುವುದರಲ್ಲಿ ಜಿಪುಣತನ ಬೇಡ. ಓಡುವಾಗ ಗ್ರಿಪ್ ಜಾರಿದರೆ ರೇಸ್ ಕೈ ತಪ್ಪುತ್ತದೆ. ಅಂಟು ಒಣಗಲು ಒಂದು ದಿನ ಬಿಡಿ. ಗ್ರಿಪ್ಪಿಗೂ ಸ್ವಿಚ್ ಡಬ್ಬಿಗೂ ನಡುವೆ ಒಂದೆರಡು ಮಿ.ಮೀ. ಸಂದು ಇರಲಿ, ತಾಗಿದರೆ ರೇಸ್ ಅಲ್ಲೇ ನಿಲ್ಲುತ್ತದೆ.

ವೈರ್ ಹೊರಬರುವ ಜಾಗ ಕೆಳಗೆ, ಒಳಮುಖವಾಗಿ ಇರಲಿ. ರೇಸ್ ಪೂರ್ತಿ ತಿರುವಿದಾಗಲೂ ಎಳೆಯದಷ್ಟು ಸಡಿಲ ಬಿಡಿ, ಬ್ರೇಕ್ ಲಿವರಿಗೆ ಸಿಕ್ಕಿಕೊಳ್ಳುವಷ್ಟು ಬಿಡಬೇಡಿ. ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎರಡೂ ಕಡೆ ರೇಸ್ ಎಳೆದು ಬಿಡಿ. ‘ಟಕ್’ ಅಂತ ತಾನಾಗಿ ವಾಪಸ್ ಬಂದರೆ ಮಾತ್ರ ಗಾಡಿ ರಸ್ತೆಗೆ ಇಳಿಯಬೇಕು.

ಬಿಸಿ ಹಿಡಿಗಳಲ್ಲಿ ಮೊದಲು ಕೈಕೊಡುವುದೂ ಇದೇ ವೈರು. ದಿನಾ ನೂರಾರು ಸಲ ಬಾಗಿ, ಹೊರಗಿನ ರಬ್ಬರ್ ಚೆನ್ನಾಗಿದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಪತ್ತೆ ಮಾಡುವುದು ಸುಲಭ. ಮೀಟರ್ ಹಚ್ಚಿ ರೇಸನ್ನು ನಿಧಾನ ತಿರುವಿ. 7 ಓಮ್ ಇದ್ದದ್ದು ಒಂದು ಜಾಗದಲ್ಲಿ ದಿಢೀರನೆ ಏರಿದರೆ ಅಥವಾ ಅಂಕಿಯೇ ಮಾಯವಾದರೆ ವೈರ್ ಕಡಿದಿದೆ. ನಿಂತ ಗಾಡಿಯಲ್ಲಿ ಬಿಸಿ ಬರುತ್ತದೆ, ಓಡಿಸಿದರೆ ಬರುವುದಿಲ್ಲ ಅನ್ನುವವರು ಮೊದಲು ಇದನ್ನೇ ನೋಡಿ. ಗ್ರಿಪ್ ಬಿಸಾಡಬೇಕಿಲ್ಲ. ಕಡಿದ ಜಾಗಕ್ಕೆ ಮೆದುವಾದ ಸಿಲಿಕಾನ್ ವೈರ್ ಬೆಸೆದರೆ ಸಾಕು.

ಕರೆಂಟ್ ಕೊಡುವುದು

ಗ್ರಿಪ್ಪಿನ ವೈರನ್ನು ಸುಮ್ನೆ ಹೆಡ್‌ಲೈಟ್ ವೈರಿಗೆ ಸುತ್ತಿ ಟೇಪ್ ಹಚ್ಚುವ ರೂಢಿ ಬೇಡ. ಹಳೆಯ ಸಣ್ಣ ಗಾಡಿಗಳಲ್ಲಿ ಆ ವೈರಿಗೆ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್‌ನ ಕಾಯಿಲಿನಿಂದ ನೇರವಾಗಿ. ರೇಸ್ ಜೊತೆ ಏರಿಳಿಯುತ್ತದೆ.

ಸರಿಯಾದ ದಾರಿ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ, ಬಂದ್ ಮಾಡುವ ಸ್ವಿಚ್. ಬ್ಯಾಟರಿ ಪ್ಲಸ್‌ನಿಂದ ಹೊರಟ ವೈರಿಗೆ ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್ ಹಾಕಿ, ರಿಲೇಯ 30ನೇ ನಂಬರಿನ ಕಾಲಿಗೆ ಕೊಡಿ. 87ರಿಂದ ಗ್ರಿಪ್ಪಿನ ಸ್ವಿಚ್ಚಿಗೆ. 85 ಬಾಡಿ ಅರ್ಥ್‌ಗೆ. 86ಕ್ಕೆ ಕೀಲಿ ಹಾಕಿದಾಗ ಮಾತ್ರ 12 ವೋಲ್ಟ್ ಬರುವ ಒಂದು ವೈರ್ ಬೇಕು. ಬ್ರೇಕ್ ಲೈಟ್ ಸ್ವಿಚ್ಚಿಗೆ ಬರುವ ವೈರ್ ಹೆಚ್ಚಿನ ಗಾಡಿಗಳಲ್ಲಿ ಹಾಗೇ ಇರುತ್ತದೆ, ಆದರೆ ಮೀಟರ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ. ಇಷ್ಟಾದರೆ ಕೀಲಿ ತೆಗೆದ ಕೂಡಲೇ ಗ್ರಿಪ್ ಬಂದ್. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿ ವೈರ್ ಕತ್ತರಿಸುವ ಮೊದಲು ಶೋರೂಮಿನಲ್ಲಿ ಕೇಳಿ.

ಎರಡು ಗ್ರಿಪ್‌ಗಳನ್ನು ಪ್ಯಾರಲಲ್, ಅಂದರೆ ಒಂದೊಂದಕ್ಕೂ ಬೇರೆಯಾಗಿ ಕರೆಂಟ್ ಸಿಗುವಂತೆ ಜೋಡಿಸಿದರೆ ಪೂರ್ತಿ ಬಿಸಿ. ಸೀರೀಸ್, ಅಂದರೆ ಒಂದನ್ನು ದಾಟಿ ಇನ್ನೊಂದಕ್ಕೆ ಕರೆಂಟ್ ಹೋಗುವಂತೆ ಜೋಡಿಸಿದರೆ ಒಟ್ಟು ವ್ಯಾಟ್ ಕಾಲುಭಾಗಕ್ಕೆ ಇಳಿಯುತ್ತದೆ. ಹೈ-ಲೋ ಸ್ವಿಚ್ಚಿಗಿಂತ ಕರೆಂಟನ್ನು ಕ್ಷಣಕ್ಷಣ ಬಿಟ್ಟು ಬಿಟ್ಟು ಕೊಡುವ ಐದು ಹಂತದ ಕಂಟ್ರೋಲರ್ ಒಳ್ಳೆಯದು. ಹೊರಡುವಾಗ ಹತ್ತು ನಿಮಿಷ ಪೂರ್ತಿ ಇಟ್ಟು ಆಮೇಲೆ ಎರಡನೇ ಹಂತಕ್ಕೆ ಇಳಿಸಿ. ಎಡಗಡೆ ಪದರ ಹಾಕಿದ್ದರೆ ಅಷ್ಟು ಸಾಕಾಗುತ್ತದೆ, ಬ್ಯಾಟರಿಯೂ ಬದುಕುತ್ತದೆ.

ಗಾಳಿಗೆ ಅಡ್ಡ

ಹ್ಯಾಂಡ್ ಗಾರ್ಡ್ ಹಾಕಿದರೆ ಇದೇ ಗ್ರಿಪ್ ಒಂದು ಹಂತ ಜಾಸ್ತಿ ಬಿಸಿ ಕೊಟ್ಟ ಹಾಗೆ ಅನ್ನಿಸುತ್ತದೆ. ಅದಕ್ಕಿಂತಲೂ ಬೆಚ್ಚಗಿರುವುದು ಹ್ಯಾಂಡಲ್ ಚೀಲ, ಕೈಯನ್ನು ಒಳಗೆ ತೂರಿಸುವ ಮಫ್. ಸೀಟ್ ಕವರ್ ಹೊಲಿಯುವವರಿಗೆ ಅಳತೆ ಕೊಟ್ಟರೆ ರೆಕ್ಸಿನ್ ಹೊರಗೆ, ಫೋಮ್ ಒಳಗೆ ಹಾಕಿ ಹೊಲಿದು ಕೊಡುತ್ತಾರೆ. ಬಾಯಿ ಅಗಲ ಇರಲಿ, ಕೈ ತಟ್ಟನೆ ಹೊರಬರಬೇಕು. ಗಾಳಿಗೆ ಚೀಲ ಹಿಂದಕ್ಕೆ ಒತ್ತಿ ಬ್ರೇಕ್ ಲಿವರ್ ಎಳೆಯದಂತೆ ಒಳಗೆ ಒಂದು ಪಟ್ಟಿ ಕೊಟ್ಟು ಬಿಗಿ ಮಾಡಿಸಿ. ಲಿವರ್ ತಾಗುತ್ತಿದ್ದರೆ ಬ್ರೇಕ್ ಲೈಟ್ ಸುಮ್ಮಸುಮ್ಮನೆ ಹೊತ್ತುತ್ತದೆ, ಹಿಂದಿನವರಿಗೆ ನೀವು ನಿಜವಾಗಿ ಬ್ರೇಕ್ ಹಿಡಿದದ್ದು ಗೊತ್ತಾಗುವುದಿಲ್ಲ.

ಗ್ಲೌಸ್ ಬಗ್ಗೆ ಹೆಚ್ಚಿನವರಿಗೆ ತಪ್ಪು ತಿಳಿವಳಿಕೆ ಇದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಅಂಗೈ ಕಡೆ ದಪ್ಪ ಇದ್ದರೆ ಗ್ರಿಪ್ಪಿನ ಬಿಸಿ ಕೈಗೆ ಬರುವುದೇ ಇಲ್ಲ. ಅಂಗೈ ಕಡೆ ತೆಳ್ಳಗೆ, ಹಿಂಬದಿ ದಪ್ಪ, ಗಾಳಿ ನುಗ್ಗದಂಥದ್ದು ನೋಡಿ ಕೊಳ್ಳಿ. ಕ್ಲಚ್, ಬ್ರೇಕ್ ಲಿವರ್‌ಗಳು ಅಲ್ಯೂಮಿನಿಯಂನವು, ಬೆರಳ ಬಿಸಿ ಹೀರುತ್ತವೆ. ಉಳಿದ ಹೀಟ್ ಶ್ರಿಂಕ್ ಟ್ಯೂಬನ್ನು ಅವುಗಳಿಗೂ ಹಾಕಿ.

ಇವರು ಎಚ್ಚರ ಇರಬೇಕು

44 ಡಿಗ್ರಿ ಬಿಸಿಯೂ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಸುಡಬಲ್ಲದು. ಸಕ್ಕರೆ ಕಾಯಿಲೆ ಇದ್ದು ಕೈಯಲ್ಲಿ ಜೋಮು, ಸ್ಪರ್ಶ ಕಡಿಮೆ ಇರುವವರಿಗೆ ಬಿಸಿ ಏರಿದ್ದು ತಿಳಿಯುವುದಿಲ್ಲ. ಅಂಥವರು ಗ್ಲೌಸ್ ಇಲ್ಲದೆ ಈ ಹಿಡಿ ಹಿಡಿಯಬಾರದು, ಪೂರ್ತಿ ಬಿಸಿಯೂ ಇಡಬಾರದು. ಮನೆಯ ಹಿರಿಯರ ಗಾಡಿಗೆ ಹಾಕಿಸುವುದಾದರೆ ಕಂಟ್ರೋಲರನ್ನು ನೀವೇ ಕಡಿಮೆ ಹಂತಕ್ಕಿಟ್ಟು ಹೇಗೆ ಬಳಸಬೇಕು ಅಂತ ತೋರಿಸಿ ಕೊಡಿ.

ಫೆಬ್ರುವರಿ ಮುಗಿದು ಬಿಸಿಲು ಏರಿದ ಮೇಲೆ ಗ್ರಿಪ್ ಬಿಚ್ಚಬೇಕಿಲ್ಲ. ಫ್ಯೂಸ್ ಒಂದನ್ನು ತೆಗೆದು, ಕಳೆಯದ ಹಾಗೆ ಟೂಲ್ ಕಿಟ್ಟಿನಲ್ಲಿ ಇಡಿ. ಬೇಸಿಗೆಯಲ್ಲಿ ಮಕ್ಕಳು ಗಾಡಿ ಹತ್ತಿ ಸ್ವಿಚ್ ಒತ್ತಿದರೂ ಚಿಂತೆ ಇರುವುದಿಲ್ಲ. ಮಳೆಗಾಲ ಕಳೆದು ಮತ್ತೆ ಫ್ಯೂಸ್ ಹಾಕುವ ಮೊದಲು ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ ನೋಡಿ, ಕಟ್ಟಿದ್ದರೆ ಸ್ಪಿರಿಟ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ತೆಗೆಯಿರಿ. ರೇಸ್ ತಿರುವುತ್ತ ಓಮ್ ನೋಡುವ ಪರೀಕ್ಷೆಯನ್ನೂ ಆಗಲೇ ಮುಗಿಸಿಕೊಳ್ಳಿ.