ಹಳೇ ಹೆರಾಲ್ಡ್‌ಗೆ ಪೆಟ್ರೋಲ್ ಕಾಕ್ ಹಾಕುವುದು ಹೇಗೆ

ಒಂದು ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗಪ್ಪಂತ ಪೆಟ್ರೋಲ್ ವಾಸನೆ. ಕಾರಿನ ಮೂತಿಯ ಕೆಳಗೆ ಶಹಾಬಾದ್ ಫರ್ಶಿಯ ಮೇಲೆ ತಾಟಿನಗಲದ ಕಲೆ. ಆಯಿಲ್ ಇರಬೇಕು ಅಂತ ಮುಟ್ಟಿ ಮೂಸಿ ನೋಡಿದೆ, ಅಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ನಿಂದ ರಾತ್ರಿಯೆಲ್ಲ ಪೆಟ್ರೋಲ್ ತೊಟ್ಟಿಕ್ಕಿತ್ತು. ಹಿಂದಿನ ದಿನ ಟ್ಯಾಂಕ್ ಫುಲ್ ಮಾಡಿಸಿದ್ದೆ, ಶೆಡ್ ಸ್ವಲ್ಪ ಇಳಿಜಾರು, ಕಾರಿನ ಮೂತಿ ತಗ್ಗಿನ ಕಡೆ ಇತ್ತು. ಅಷ್ಟು ಸಾಕಾಯ್ತು. ಅದಕ್ಕೇ ಪೆಟ್ರೋಲ್ ಕಾಕ್ ಹಾಕಿದೆ, ಅಂದ್ರೆ ಪೆಟ್ರೋಲ್ ಪೈಪಿನ ನಡುವೆ ಕೂತು, ಬೇಕಾದಾಗ ಕೈಯಿಂದ ತಿರುಗಿಸಿ ಬಂದ್ ಮಾಡುವ ನಲ್ಲಿ.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾಗುತ್ತಿದ್ದ 948 ಸಿಸಿ ಗಾಡಿ. ಇದೇನು ಸಾದಾ ಕಾರ್ ರೀ ಅಂತ ನಗಬೇಡಿ. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸ್ಪೋರ್ಟ್ಸ್ ಕಾರ್ ಟ್ರಯಂಫ್ ಸ್ಪಿಟ್‌ಫೈರ್ ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ ಕಾರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಟ್ಯಾಂಕ್ ಹಿಂದೆ, ಎಂಜಿನ್ ಮೈಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪ್ ಮುಂದೆ. ಹಾಗಾಗಿ ಕೆಳಗೆ ಹೇಳಿದ್ದು ಸ್ಪಿಟ್‌ಫೈರ್‌ಗೂ ನಡೆಯುತ್ತೆ, ಹಳೇ ಫಿಯಟ್ಟಿಗೂ ಹೆಚ್ಚುಕಡಿಮೆ ನಡೆಯುತ್ತೆ.

ಎಂಜಿನ್ ಬಂದ್ ಆದಮೇಲೆ ಪೆಟ್ರೋಲ್ ಯಾಕೆ ಹರಿಯುತ್ತೆ ಅಂದ್ರೆ, ಪೈಪಿನ ತುಂಬ ಪೆಟ್ರೋಲ್ ನಿಂತಿರುತ್ತೆ, ಟ್ಯಾಂಕಿನ ಮಟ್ಟ ಕಾರ್ಬ್ಯುರೇಟರ್‌ಗಿಂತ ಮೇಲಿದ್ದರೆ ತೋಟಕ್ಕೆ ಪೈಪ್ ಹಾಕಿ ನೀರು ಎಳೆದ ಹಾಗೆ ತಾನೇ ಇಳಿದು ಬರುತ್ತೆ. ಪಂಪಿನೊಳಗಿನ ವಾಲ್ವ್‌ಗಳು ಅದನ್ನು ತಡೆಯೋದಿಲ್ಲ, ಅವು ಮುಂದಕ್ಕೆ ಹೋಗೋದಕ್ಕೆ ದಾರಿ ಬಿಡೋಕೇ ಇರುವುದು. ತಡೆಯಬೇಕಾದ್ದು ಫ್ಲೋಟ್ ಚೇಂಬರಿನ, ಅಂದ್ರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲಿನ, ಬಾಯಿ ಮುಚ್ಚುವ ಸೂಜಿಯಂಥ ನೀಡಲ್ ವಾಲ್ವ್ ಒಂದೇ. ಅದು ಸವೆದಿದ್ದರೆ ಅಥವಾ ಒಂದು ಕಣ ಕಸ ಸಿಕ್ಕಿಕೊಂಡರೆ ಮುಗೀತು. ಇನ್ನೂ ಕೆಟ್ಟದ್ದು ಪಂಪಿನ ಡಯಾಫ್ರಾಮ್, ಅಂದ್ರೆ ಒಳಗಿನ ತೆಳು ಪೊರೆ, ಹರಿದುಹೋಗೋದು. ಆಗ ಪೆಟ್ರೋಲ್ ಹೊರಗೆ ಕಾಣೋದೇ ಇಲ್ಲ, ಸದ್ದಿಲ್ಲದೆ ಎಂಜಿನ್ ಆಯಿಲಿಗೆ ಸೇರುತ್ತೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದಾಗ ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಸ್ಟಾರ್ಟ್ ಮಾಡಲೇಬೇಡಿ.

ಕಾಕ್ ಹಾಕಿದರೆ ನೀಡಲ್ ಸರಿ ಹೋಗಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಆದರೆ ವಾರಕ್ಕೆ ಒಂದೇ ಸಲ ಹೊರಬರುವ ಗಾಡಿಗೆ ಕಾಕ್ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ. ಫಿಲ್ಟರ್ ಬದಲಿಸುವಾಗ ತೋಳಿನುದ್ದಕ್ಕೂ ಪೆಟ್ರೋಲ್ ಇಳಿಸಿಕೊಳ್ಳೋದೂ ತಪ್ಪುತ್ತೆ.

ಈಗ ಯಾವ ಕಾಕ್ ತರಬೇಕು ಅನ್ನೋದು. ಇಲ್ಲೇ ನಾನು ಮೊದಲು ಮಣ್ಣು ತಿಂದಿದ್ದು. ಒಂದು ಅಂಗಡಿಯಲ್ಲಿ ಹಿತ್ತಾಳೆಯ ಚೆಂದದ ಬಾಲ್ ವಾಲ್ವ್ ಸಿಕ್ಕಿತು, ತಂದು ಹಾಕಿದೆ, ಒಂದು ತಿಂಗಳಿಗೆ ಹಿಡಿಕೆ ತಿರುಗದಂತೆ ಗಟ್ಟಿಯಾಯ್ತು. ಗ್ಯಾರೇಜಿನ ಉಸ್ತಾದ್ ಬಿಚ್ಚಿ ನೋಡಿ ನಕ್ಕರು: “ಸಾಹೇಬ್ರ, ಇದು ನೀರಿನ ಕಾಕ್ ಅದ. ಇದರ ರಬ್ಬರ್ ಪೆಟ್ರೋಲಿಗೆ ಉಬ್ತದ.” ನಲ್ಲಿ ಕೆಲಸಕ್ಕೆ ಬರುವ ಇಪಿಡಿಎಂ ರಬ್ಬರ್ ನೀರಿಗೆ ಅಪ್ಪಟ, ಪೆಟ್ರೋಲಿಗೆ ಆಗಲ್ಲ. ಆದ್ದರಿಂದ ಅಂಗಡಿಯಲ್ಲಿ ಹಿತ್ತಾಳೆ ಹೊಳೆಯೋದು ನೋಡಬೇಡಿ, ಒಳಗಿನ ಸೀಲ್ ಯಾವುದು ಅಂತ ಕೇಳಿ. ಪೆಟ್ರೋಲಿಗೆ ಅಂತಲೇ ಮಾಡಿದ, ಟೆಫ್ಲಾನ್ ಸೀಟಿನ, ಕಾಲು ಸುತ್ತಿಗೆ ಬಂದ್ ಆಗುವ ಬಾಲ್ ವಾಲ್ವ್ ಒಳ್ಳೆಯದು. ಹಳೇ ನಮೂನೆಯ ಬೂಚಿನ ಸೀಲ್ ಇರುವ ಕಾಕ್ ಬೇಡ, ಒಂದಿಷ್ಟು ದಿನ ಒಣಗಿದರೆ ಬೂಚು ಸೊರಗಿ ಸೋರುತ್ತೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಗಳಿಗೆ ಬರವಿಲ್ಲ, ಅಲ್ಲಿ ಡೀಸೆಲ್ ಕಾಕ್ ಸಿಗುತ್ತೆ. ಆದರೆ ಡೀಸೆಲ್ ತಡೆದ ಸೀಲ್ ಈಗಿನ ಪೆಟ್ರೋಲ್ ತಡೆಯುತ್ತೆ ಅಂತ ಖಾತ್ರಿ ಇಲ್ಲ, ವಿಚಾರಿಸಿಯೇ ತನ್ನಿ.

ಈಗಿನ ಪೆಟ್ರೋಲ್ ಅಂದೆ, ಯಾಕಂದ್ರೆ 2023ರಿಂದ ಬಂಕಿಗೆ ಬರತೊಡಗಿದ ಇ20ಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುತ್ತೆ. 60ರ ದಶಕದ ರಬ್ಬರ್ ಮಾಡಿದವರು ಇದನ್ನು ಕನಸಿನಲ್ಲೂ ಕಂಡಿರಲಿಲ್ಲ. ಹಳೇ ಹೋಸ್ ಒಳಗಿಂದ ಮೆತ್ತಗಾಗಿ ಕರೀ ಪುಡಿ ಬಿಡುತ್ತೆ, ಆ ಪುಡಿಯೇ ಹೋಗಿ ನೀಡಲ್‌ನಲ್ಲಿ ಕೂರುತ್ತೆ. ಹೊಸ ಹೋಸ್ ತರುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 (SAE J30 R9, ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು) ಅಂತ ಅಚ್ಚಾಗಿದೆಯಾ ನೋಡಿ. ಏನೂ ಬರೆಯದ ಹೋಸ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕಲಬುರಗಿಯ ಮೇ ತಿಂಗಳಲ್ಲಿ, 43–44 ಡಿಗ್ರಿಯಲ್ಲಿ, ಬಾನೆಟ್ ಒಳಗೆ ಅದರ ಗತಿ ಏನಾಗಬಹುದು ಯೋಚಿಸಿ.

ಜಾಗ ಆರಿಸೋದು ಕಾಕ್ ಆರಿಸಿದಷ್ಟೇ ಮುಖ್ಯ. ಟ್ಯಾಂಕ್ ಮತ್ತು ಪಂಪಿನ ನಡುವೆ, ಟ್ಯಾಂಕಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ಗಾಡಿ ಕೆಳಗೆ ಕಲ್ಲು ಬಡಿಯುವಲ್ಲಿ ಬೇಡ, ಜನ ಕೂರುವ ಕಡೆ ಅಂತೂ ಬೇಡವೇ ಬೇಡ. ಮುಖ್ಯವಾಗಿ ಕೈ ಹಾಕಿದ ಕೂಡಲೇ ಸಿಗಬೇಕು. ಗಾಡಿ ಕೆಳಗೆ ಅಂಗಾತ ಮಲಗಿ ತಿರುಗಿಸಬೇಕಾದ ಕಾಕನ್ನು ನೀವು ಮೊದಲ ವಾರ ತಿರುಗಿಸ್ತೀರಿ, ಆಮೇಲೆ ಇಲ್ಲ. ನಾನು ಡಿಕ್ಕಿಯಲ್ಲಿ, ಟ್ಯಾಂಕಿನ ಪೈಪ್ ಕೆಳಗೆ ಇಳಿಯುವ ಮುಂಚೆ ಕೂರಿಸಿದೆ.

ಕೆಲಸ ಶುರು ಮಾಡುವ ಮುಂಚೆ ಟ್ಯಾಂಕಿನಲ್ಲಿ ನಾಲ್ಕೈದು ಲೀಟರ್ ಮಾತ್ರ ಉಳಿಯುವ ತನಕ ಓಡಿಸಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಗಾಡಿ ಬಯಲಲ್ಲಿರಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತೆ, ಕಣ್ಣಿಗೆ ಕಾಣಲ್ಲ. ಪಕ್ಕದಲ್ಲಿ ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಇಟ್ಟುಕೊಳ್ಳಿ. ನೋಡೋಕೆ ಬಂದ ಮಾವ ಬೀಡಿ ಹಚ್ಚಿದರೆ ಮುಲಾಜಿಲ್ಲದೆ ಹೊರಗೆ ಕಳಿಸಿ. ಡ್ರಿಲ್ ಕೆಲಸ ಇದ್ದರೆ ಪೈಪ್ ಬಿಚ್ಚುವ ಮುಂಚೆಯೇ ಮುಗಿಸಿ, ಡ್ರಿಲ್ ಮೋಟರಿನೊಳಗೆ ಕಿಡಿ ಹಾರುತ್ತೆ. ಬಾಯಿಂದ ಪೆಟ್ರೋಲ್ ಎಳೆಯೋ ಚಟ ನಮ್ಮಲ್ಲಿ ಎಲ್ಲರಿಗೂ ಇದೆ, ಇವತ್ತೊಂದು ದಿನ ಬಿಡಿ.

ಟ್ಯಾಂಕಿನ ಬಾಯಲ್ಲಿ ಮೊದಲೇ ರಬ್ಬರ್ ಹೋಸಿನ ತುಂಡು ಇದ್ದರೆ ನಿಮ್ಮ ಅದೃಷ್ಟ. ಅದನ್ನು ತೆಗೆದು ಹೋಸ್, ಕಾಕ್, ಮತ್ತೆ ಹೋಸ್ ಅಂತ ಜೋಡಿಸಿ, ಲೋಹದ ಪೈಪ್ ಕತ್ತರಿಸೋದೇ ಬೇಡ. ಕತ್ತರಿಸಲೇಬೇಕಾದರೆ ಗರಗಸ ಮುಟ್ಟಬೇಡಿ, ಅದರ ಪುಡಿ ನೇರ ಪಂಪಿಗೆ ಹೋಗುತ್ತೆ. ಫ್ರಿಜ್ ರಿಪೇರಿ ಮಾಡುವವರ ಹತ್ತಿರ ಸಣ್ಣ ಪೈಪ್ ಕಟರ್ ಇರುತ್ತೆ, ಪೈಪಿನ ತುದಿ ಅಗಲಿಸುವ ಫ್ಲೇರಿಂಗ್ ಟೂಲ್ ಕೂಡ ಇರುತ್ತೆ. ಒಂದು ಚಹಾ ಕುಡಿಸಿ ಎರಡನ್ನೂ ತನ್ನಿ. ಕತ್ತರಿಸಿದ ತುದಿಯ ಚೂಪು ತೆಗೆದು, ತುದಿಯನ್ನು ಸ್ವಲ್ಪವೇ ಅಗಲಿಸಿ, ಹೋಸ್ ಜಾರದಷ್ಟು ಸಾಕು. ಪೈಪ್ ಎಷ್ಟು ದಪ್ಪ ಅಂತ ವರ್ನಿಯರ್‌ನಲ್ಲಿ ಅಳೆದೇ ಹೋಸ್ ತನ್ನಿ. ಈ ಗಾಡಿಗಳೆಲ್ಲ ಇಂಚಿನ ಲೆಕ್ಕದವು, ಕಾಲು ಇಂಚು ಅಂದರೆ 6.35 ಮಿ.ಮೀ. ಸಡಿಲ ಹೋಸನ್ನು ಕ್ಲಿಪ್ಪಿನಿಂದ ಬಿಗಿದು ಕೂರಿಸ್ತೀನಿ ಅನ್ನೋದು ಸೋರೋಕೆ ಆಮಂತ್ರಣ.

ಕಾಕಿಗೆ ನಿಪ್ಪಲ್, ಅಂದ್ರೆ ಹೋಸ್ ಏರಿಸುವ ಗಿಡ್ಡ ಕೊಳವೆ, ಹಾಕುವಾಗ ಚೂಡಿಗೆ ಪ್ಲಂಬರ್‌ನ ಸಫೇದಾ, ನೂಲು, ಬಿಳಿ ಟೇಪು ಯಾವುದೂ ಬೇಡ. ಪೆಟ್ರೋಲ್ ತಡೆಯುತ್ತೆ ಅಂತ ಡಬ್ಬಿ ಮೇಲೆ ಬರೆದ ಥ್ರೆಡ್ ಸೀಲಂಟ್ ತಗೊಳ್ಳಿ, ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ. ಹಳೇ ಮೆಕ್ಯಾನಿಕ್‌ಗಳು ಶೆಲಾಕ್ ಹಚ್ಚೋದುಂಟು. ಆಗ ಅದು ಸರಿಯೇ ಇತ್ತು. ಆದರೆ ಶೆಲಾಕ್ ಕರಗೋದೇ ಆಲ್ಕೋಹಾಲಿನಲ್ಲಿ, ಈಗ ಪೆಟ್ರೋಲಿನೊಳಗೇ ಆಲ್ಕೋಹಾಲ್ ಇದೆ ಅಲ್ವಾ?

ಕಾಕ್ ಹೋಸಿನ ಮೇಲೆ ನೇತಾಡಬಾರದು. ಎರಡು ಮಿ.ಮೀ. ಕಬ್ಬಿಣದ ಪಟ್ಟಿ ಬಗ್ಗಿಸಿ ಒಂದು ಬ್ರಾಕೆಟ್ ಮಾಡಿ ಬಾಡಿಗೆ ಬೋಲ್ಟ್ ಹಾಕಿ. ಹಿಡಿಕೆ ಕೆಳಗಿದ್ದಾಗ ಓಪನ್ ಆಗುವ ಹಾಗೆ ಕೂರಿಸಿ. ಉಲ್ಟಾ ಕೂರಿಸಿದರೆ ರೋಡಿನ ಕುಲುಕಾಟಕ್ಕೆ ತಾನೇ ಕೆಳಗೆ ಜಾರಿ ಬಂದ್ ಆಗಿಬಿಡಬಹುದು, ನಮ್ಮ ಕಡೆ ರೋಡು ನಿಮಗೆ ಗೊತ್ತಲ್ಲ. ಹೋಸ್ ಒಂದಿಂಚಾದರೂ ಒಳಗೆ ಹೋಗಲಿ. ಕ್ಲಿಪ್ ಪಟ್ಟಿಯಲ್ಲಿ ಸೀಳು ಇರಬಾರದು, ಸೀಳಿನ ಅಂಚು ರಬ್ಬರನ್ನು ಕೊಯ್ಯುತ್ತೆ. ಫಿಲ್ಟರ್ ಹಾಕೋದಿದ್ದರೆ ಕಾಕ್ ಆದಮೇಲೆ ಹಾಕಿ.

ಪರೀಕ್ಷೆ: ಕಾಕ್ ತೆರೆದು ಪಂಪಿನ ಕೈ ಲಿವರ್ ಒತ್ತಿ ಪೆಟ್ರೋಲ್ ಎಳೆಸಿ, ಪ್ರತಿ ಜಾಯಿಂಟಿಗೂ ಒಣ ಪೇಪರ್ ಸುತ್ತಿ ಅರ್ಧ ಗಂಟೆ ಬಿಡಿ. ಒದ್ದೆಯಾದರೆ ಕ್ಲಿಪ್ ಇನ್ನೂ ಬಿಗಿಯಬೇಡಿ, ಬಿಚ್ಚಿ ನೋಡಿ. ಆಮೇಲೆ ಕಾಕ್ ಬಂದ್ ಮಾಡಿ, ಪಂಪಿನ ಹತ್ತಿರ ಹೋಸ್ ಬಿಚ್ಚಿ ಡಬ್ಬಿಯೊಳಗೆ ಇಳಿಬಿಡಿ. ಪೈಪಿನಲ್ಲಿ ಉಳಿದಿದ್ದು ಇಳಿದಮೇಲೆ ಹತ್ತು ನಿಮಿಷ ಒಂದು ಹನಿಯೂ ಬೀಳಬಾರದು. ಬ್ಯಾಟರಿ ಹಾಕೋದು ಇದೆಲ್ಲ ಆದಮೇಲೆ, ವಾಸನೆ ಪೂರ್ತಿ ಹೋದಮೇಲೆ.

ಒಂದು ತೊಂದರೆ ಮಾತ್ರ ಉಳಿಯುತ್ತೆ. ಕಾಕ್ ಬಂದ್ ಇದ್ದರೂ ಗಾಡಿ ಸ್ಟಾರ್ಟ್ ಆಗುತ್ತೆ, ಫ್ಲೋಟ್ ಚೇಂಬರಿನಲ್ಲಿ ಉಳಿದ ಪೆಟ್ರೋಲ್ ಸ್ವಲ್ಪ ದೂರ ಓಡಿಸುತ್ತೆ. ನನ್ನನ್ನು ಅದು ಸರಿಯಾಗಿ ಜೇವರ್ಗಿ ರೋಡಿನ ನಡುಮಧ್ಯೆ ತಂದು ನಿಲ್ಲಿಸಿತು, ಹಿಂದೆ ತೊಗರಿ ಮೂಟೆ ಹೇರಿದ ಲಾರಿಯ ಹಾರ್ನು. ತಳ್ಳೋಕೆ ಬಂದ ಹುಡುಗ “ಅಣ್ಣಾ, ಪೆಟ್ರೋಲ್ ಹಾಕ್ಸಿಲ್ಲೇನು?” ಅಂದ. ಟ್ಯಾಂಕ್ ಫುಲ್ ಇತ್ತು. ಆವತ್ತಿನಿಂದ ಕಾಕ್ ಬಂದ್ ಮಾಡಿದ ಕೂಡಲೇ ಸ್ಟೇರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟುತ್ತೇನೆ. ಮಗಳ ಜಡೆಯದು, ಅವಳು ಇನ್ನೂ ಹುಡುಕುತ್ತಿದ್ದಾಳೆ.